ಮಲಗಿದ ಟಗರಿನ ಅಳತೆ

ಹಿರಿಯೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಒಂದು ಟೈರಿನ ಅಂಗಡಿ ಇದೆ. ಮೊನ್ನೆ ಅದರ ಮುಂದೆ ಹಾದುಹೋಗುವಾಗ ಹೊಸ ರಬ್ಬರಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಕೆಲವರಿಗೆ ಮಲ್ಲಿಗೆಯ ಕಂಪಿನಿಂದ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಬರಹಕ್ಕೆ ಟೈರು. ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು "ಏನ್ ಬೇಕಿತ್ರಿ ಸಾರ್? ಸ್ಕೂಟರ್ದಾ, ಕಾರಿಂದಾ?" ಎಂದ. ಏನೂ ಬೇಡಪ್ಪ, ಸುಮ್ಮನೆ ವಾಸನೆ ನೋಡುತ್ತಿದ್ದೇನೆ ಎಂದು ಹೇಳಲಾಗುತ್ತದೆಯೇ? ಬಸ್ಸು ಬಂದಿತೇನೋ ಎಂಬಂತೆ ಕತ್ತು ಚಾಚಿ ಮೆಲ್ಲಗೆ ಜಾರಿಕೊಂಡೆ.

ನಿಮಗೆ ತಿಪ್ಪೇಶನ ಪರಿಚಯ ಮಾಡಿಸಬೇಕು. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು. ನಾನು ಪಾಸಾಗಿ ಕಚೇರಿಯ ಕುರ್ಚಿ ಸೇರಿದೆ, ಅವನು ಫೇಲಾಗಿ ಮಾರಿಕಣಿವೆ ಅಣೆಕಟ್ಟಿನ ಹಿಂದಿನ ತನ್ನ ಹಟ್ಟಿಗೆ, ತನ್ನ ಕುರಿಗಳ ಹತ್ತಿರ ಹೋದ. ನಿವೃತ್ತಿಯ ಹೊತ್ತಿಗೆ ನೋಡಿದರೆ ನನಗೆ ಸಕ್ಕರೆ ಕಾಯಿಲೆ ಇತ್ತು, ಅವನಿಗೆ ದೊಡ್ಡ ಮಂದೆ ಇತ್ತು, ಅದರ ಜೊತೆಗೆ ಒಂದು ಹಳೇ ಜೀಪೂ ಇತ್ತು. ಆ ಜೀಪಿನ ಮೇಲೆ ಅವನಿಗಿದ್ದ ಪ್ರೀತಿಯಲ್ಲಿ ಕಾಲು ಭಾಗ ಇಂಗ್ಲಿಷ್ ಪಾಠದ ಮೇಲಿದ್ದಿದ್ದರೆ ಅವನೂ ನನ್ನಂತೆ ಹಾಳಾಗುತ್ತಿದ್ದ.

ಹೊಲದಲ್ಲಿ ಬೆಳೆ ನಿಂತಿರುವಷ್ಟು ದಿನ ಅವರ ಮಂದೆ ಗುಡ್ಡದ ಮೇಲಿರುತ್ತದೆ. ಮುಳ್ಳು ಕಡಿದು ಬೇಲಿ ಸುತ್ತಿ ಅಲ್ಲೇ ಕುರಿಗಳಿಗೆ ರೊಪ್ಪ ಕಟ್ಟುತ್ತಾರೆ. ಕುರಿಗಳು ಈಯುವುದೂ ಅಲ್ಲೇ. ಹುಟ್ಟಿದ ಮರಿಗೆ ಜಡಿಮಳೆ ತಗುಲಿದರೆ ಬೆಳಗಾಗುವುದರೊಳಗೆ ಸೆಟೆದುಕೊಳ್ಳುತ್ತದೆ. ಕೂಡಲೇ ಕೆಳಗಿನ ಹಟ್ಟಿಗೆ ತರಬೇಕು. ಜೀಪಿನ ಕೆಲಸ ಅದು. ಆದರೆ ಆ ದಾರಿಯನ್ನು ದಾರಿ ಅನ್ನುವವರಿಗೆ ದೊಡ್ಡ ನಮಸ್ಕಾರ. ಮಳೆನೀರು ಕೊರೆದ ಹಳ್ಳ, ಅದರ ತುಂಬ ಕಲ್ಲು. ಅರ್ಧ ದಾರಿಗೆ ಜೀಪಿನ ಹೊಟ್ಟೆ ಕಲ್ಲಿಗೆ ತಾಗಿ ಕೂತುಬಿಡುತ್ತಿತ್ತು, ಮುಂದಕ್ಕೆ ನಡಿಗೆಯೇ ಗತಿ. ಅವನ ಅವ್ವ ಕರಿಯಮ್ಮ ಆ ಅರ್ಧವನ್ನು ಪ್ರತಿ ವರ್ಷ ದೀಪಾವಳಿಗೆ ನಡೆದೇ ಹತ್ತುತ್ತಿದ್ದಳು. ನಾನು ನಿವೃತ್ತನಾದ ವರ್ಷ ಅವಳ ಮಂಡಿ ಸೋತಿತ್ತು.

"ಗಾಡಿ ಎತ್ರ ಮಾಡುಸ್ತೀನಿ ಕಣಪ್ಪ. ದೊಡ್ಡ ಟೈರು ಹಾಕುಸ್ತೀನಿ. ಅವ್ವನ್ನ ರೊಪ್ಪದ ಬಾಗ್ಲಿಗೇ ಇಳುಸ್ತೀನಿ" ಎಂದ ತಿಪ್ಪೇಶ.

ಚಿತ್ರದುರ್ಗದ ಗ್ಯಾರೇಜಿಗೆ ನನ್ನನ್ನೂ ಎಳೆದುಕೊಂಡು ಹೋದ. ಲೆಕ್ಕ ಬಲ್ಲವನು ಜೊತೆಗಿರಲಿ ಎಂದು. ಜೀಪಿನ ಹಿಂದೆ ನನ್ನ ಜೊತೆ ಒಂದು ಟಗರೂ ಬಂತು. ಯಾಕೆಂದು ನಾನು ಕೇಳಲಿಲ್ಲ, ಸಂತೆಗೋ ಬೀಗರಿಗೋ ಇರಬೇಕು ಅಂದುಕೊಂಡೆ. ಗ್ಯಾರೇಜಿನ ಖಾದರ್ ಸಾಬರು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಎಷ್ಟು ಎತ್ಬೇಕ್ರಿ ಗೌಡ್ರೇ?" ಎಂದರು. ತಿಪ್ಪೇಶ ಟಗರನ್ನು ಕೆಳಗಿಳಿಸಿ ಅವರ ಮುಂದೆ ನಿಲ್ಲಿಸಿದ.

"ಇವ್ನು ಮಲಗ್ದಾಗ ಎಷ್ಟು ಎತ್ರ ಬರ್ತಾನೋ ಅಷ್ಟು. ಕೊಂಬು ತಾಗಬಾರ್ದು."

ಸಾಬರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಆದರೆ ತಿಪ್ಪೇಶನ ಮಾತಿನಲ್ಲಿ ಹುಚ್ಚೇನೂ ಇರಲಿಲ್ಲ. ಆ ಹಳ್ಳದ ಕಲ್ಲುಗಳನ್ನು ಅವರ ಹಟ್ಟಿಯವರು ಗುರುತಿಸುವುದೇ ಹಾಗೆ: ಇದು ಮರಿಕಲ್ಲು, ಇದು ಮಲಗಿದ ಟಗರಿನಷ್ಟಿದೆ, ಇದು ನಿಂತ ಹೋತ. ನಿಂತ ಹೋತವನ್ನು ಬಳಸಿಕೊಂಡು ಹೋಗಬಹುದು, ಮಲಗಿದ ಟಗರನ್ನು ದಾಟಲೇಬೇಕು. ಮೇಲಾಗಿ ಬಿಸಿಲೇರಿದರೆ ಕುರಿಗಳು ನೆರಳಿಗೆಂದು ಜೀಪಿನಡಿ ನುಗ್ಗುತ್ತವೆ. ಹಿಂದಿನ ಬೇಸಿಗೆಯಲ್ಲಿ ಒಂದು ಕುರಿ ಅಡಿಯಲ್ಲೇ ಸಿಕ್ಕಿಕೊಂಡು ದೊಡ್ಡ ರಂಪವಾಗಿತ್ತು. ಇಷ್ಟನ್ನೆಲ್ಲ ಅಡಿಕೋಲಿನಲ್ಲಿ ಹೇಳುವುದು ಹೇಗೆ? ತೊಂದರೆ ಬಂದದ್ದು ಟಗರಿನಿಂದ. ಬೇಕೆಂದಾಗ ಮಲಗಬೇಕಲ್ಲ ಅದು! ಹುಲ್ಲು ಹಾಕಿದೆವು, ತಿಂದಿತು. ಬೆನ್ನು ತಟ್ಟಿದೆವು, ಸಾಬರನ್ನು ಗುಮ್ಮಲು ಹೋಯಿತು. ಕೊನೆಗೆ ನಾವೆಲ್ಲ ಚಹಾ ಕುಡಿಯಲು ಹೋಗಿ ಬರುವಷ್ಟರಲ್ಲಿ ಆಯಿಲ್ ಚೆಲ್ಲಿದ ನೆಲದ ಮೇಲೆ ರಾಜನ ಗತ್ತಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಸಾಬರು ಸದ್ದಿಲ್ಲದೆ ಟೇಪು ಹಿಡಿದರು.

ಎತ್ತುವುದೆಂದರೆ ಜಾಕಿ ಕೊಟ್ಟು ನಾಲ್ಕು ದೊಡ್ಡ ಟೈರು ತೊಡಿಸುವುದು ಅಂತ ನಾನು ತಿಳಿದಿದ್ದೆ. ನೀವೂ ಹಾಗೇ ತಿಳಿದಿದ್ದರೆ ನಾವಿಬ್ಬರೂ ಒಂದೇ ದೋಣಿಯವರು. ಟೈರು ದೊಡ್ಡದಾದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ, ಅದನ್ನು ಕತ್ತರಿಸಬೇಕು. ಎತ್ತರಕ್ಕೆಂದು ಕಮಾನು ಪಟ್ಟಿ ಬದಲಾಯಿಸಿದರೆ ಕುಲುಕಾಟ ತಡೆಯುವ ಹಳೇ ಶಾಕು ಗಿಡ್ಡವಾಗುತ್ತದೆ. ಬ್ರೇಕಿನ ಪೈಪು ಸಾಲುವುದಿಲ್ಲ. ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು ಓರೆಯಾಗಿ ಕಟಕಟ ಅನ್ನುತ್ತದೆ. ಅಷ್ಟು ಭಾರದ ಚಕ್ರ ಉರುಳಿಸಲು ಇಂಜಿನ್ನು ಏದುಸಿರು ಬಿಡುತ್ತದೆ, ಗೇರಿನ ಹಲ್ಲು ಬದಲಾಯಿಸಬೇಕು. "ಒಂದನ್ನ ಎತ್ತಿದ್ರೆ ಉಳಿದಿದ್ದೆಲ್ಲ ನನ್ನೂ ಎತ್ತು ಅಂತಾವೆ ಸಾಮಿ" ಎಂದರು ಸಾಬರು. ಕೋತಿಯ ಹುಣ್ಣಿನಂತೆ ಖರ್ಚು ದಿನದಿನಕ್ಕೆ ದೊಡ್ಡದಾಯಿತು. ಲೆಕ್ಕ ನೋಡಲು ಹೋದ ನನ್ನನ್ನು ಯಾರೂ ಲೆಕ್ಕ ಕೇಳಲಿಲ್ಲ. ಒಟ್ಟು ಎಷ್ಟಾಯಿತೋ ಎಂದು ನಾನೇ ಕೇಳಿದಾಗ ತಿಪ್ಪೇಶ "ಕೇಳಬ್ಯಾಡಪ್ಪ. ಆರಿಸಿಟ್ಟಿದ್ದ ಟಗರುಮರಿ ಎಲ್ಲಾ ಟೈರಾಗಿ ಹೋದ್ವು" ಎಂದ.

ಆದರೆ ಆ ಜೀಪು ಹೊರಗೆ ಬಂದು ನಿಂತಾಗ! ಅಬ್ಬಬ್ಬಾ, ಸುಳ್ಳು ಹೇಳಲಾರೆ, ನನ್ನ ಬಾಯಿ ತೆರೆದೇ ಇತ್ತು. ಟೈರು ನನ್ನ ಸೊಂಟ ಮುಟ್ಟುತ್ತಿತ್ತು. ನಮ್ಮ ಮುಂದೆಯೇ ಬೆಳೆದ ಹುಡುಗ ಪೈಲ್ವಾನನಾಗಿ ಎದುರು ನಿಂತ ಹಾಗೆ. ಹೊಸದುರ್ಗದ ರಸ್ತೆಯಲ್ಲಿ ಹೋಗುವಾಗ ಬಸ್ಸಿನಲ್ಲಿ ಕೂತವರ ಮುಖಕ್ಕೆ ಮುಖ ಕೊಟ್ಟು ನೋಡಬಹುದಿತ್ತು. ನಾನು ಕಾರಣವಿಲ್ಲದೆ ಕೆಲವರಿಗೆ ಕೈ ಬೀಸಿದೆ.

ದೀಪಾವಳಿ ಬಂತು, ತಿಪ್ಪೇಶ ನನ್ನನ್ನೂ ಹಟ್ಟಿಗೆ ಕರೆದಿದ್ದ. ಅವತ್ತು ಆ ಹಟ್ಟಿಯವರು ರೊಪ್ಪದ ನಡುವೆ ಮೂರು ಕಲ್ಲಿನ ಒಲೆ ಹೂಡಿ, ಮಂದೆಯ ಹಾಲು ಕಾಯಿಸಿ ಉಕ್ಕಿಸುತ್ತಾರೆ. ಮಂದೆ ಎಲ್ಲಿರುತ್ತದೋ ಅಲ್ಲೇ ಆಗಬೇಕು. ಒಲೆಗೆ ಬೆಂಕಿ ಕೊಡುವವಳು ಮನೆಯ ಹಿರಿಯ ಹೆಂಗಸು. ಅವಳು ಹೋಗದಿದ್ದರೆ ಸೊಸೆ ಕೊಡಬಹುದು, ತಪ್ಪಿಲ್ಲ. ಆದರೆ ಒಮ್ಮೆ ಸೊಸೆ ಕೊಟ್ಟಳೆಂದರೆ ಆ ಒಲೆ ಮತ್ತೆ ಅತ್ತೆಯ ಕೈಗೆ ಬರುವುದಿಲ್ಲ. ಆಮೇಲೆ ಮಂದೆಯ ಮಾತಿನಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ. ಕರಿಯಮ್ಮ ಗಂಡ ಸತ್ತ ವರ್ಷವೂ ಆ ಒಲೆಗೆ ಬೆಂಕಿ ಕೊಟ್ಟವಳು.

ಅವಳು ಹೊಸ ಸೀರೆಯುಟ್ಟು, ಸೆರಗಿಗೆ ಬೆಂಕಿಪೊಟ್ಟಣ ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಜೀಪಿನ ಹತ್ತಿರ ನಿಂತಳು. ಕೂರುವ ಸೀಟು ಅವಳ ಎದೆಮಟ್ಟಕ್ಕಿತ್ತು.

ತಿಪ್ಪೇಶನ ಮುಖ ಹೇಗಾಯಿತೆಂದು ನಾನು ನಿಮಗೆ ಹೇಗೆ ಹೇಳಲಿ! ಟಗರಿನ ಅಳತೆ ತೆಗೆದುಕೊಂಡಿದ್ದ, ಅವ್ವನ ಅಳತೆ ಮರೆತಿದ್ದ. ಸ್ಟೂಲು ತಂದರು, ಅದು ಅಲ್ಲಾಡಿತು. ಏಣಿ ತಂದರು, ಅವಳ ಮಂಡಿ ಮಡಿಚಲಿಲ್ಲ. ಸೊಸೆಯೂ ಇನ್ನೊಬ್ಬರೂ ಸೇರಿ ಕಂಕುಳಿಗೆ ಕೈಹಾಕಲು ಹೋದರು.

"ಬಿಡ್ರೇ ಕೈಯ! ಎತ್ತಿ ಹಾಕಾಕೆ ನಾನೇನು ಹಿಂಡಿ ಚೀಲನಾ? ನನ್ನ ಎತ್ತಾದು ಒಂದೇ ಸಲ. ಅವತ್ತು ನಾಕು ಜನ ಬರ್ರಿ."

ಅವಳು ಸ್ವಲ್ಪ ಹೊತ್ತು ಜೀಪನ್ನೇ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬೆಂಕಿಪೊಟ್ಟಣವನ್ನು ಸೊಸೆಯ ಕಡೆ ಚಾಚಿದಳು. "ತಗಾ. ಹೋಗ್ರಿ ಹೊತ್ತಾಗ್ತೈತೆ." ಸೊಸೆ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ತಿಪ್ಪೇಶ ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡು, ಅವ್ವನಿಗೆ ಬೆನ್ನು ಕೊಟ್ಟು, ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅವ್ವ, ಈದ ಮರಿ ಹೊತ್ಕಂಡು ಎಷ್ಟು ಸಲ ಗುಡ್ಡ ಇಳಿದೀಯ. ಅವು ಒಂದಾದ್ರೂ ಬ್ಯಾಡ ಅಂದ್ವಾ?"

"ಅವು ಮರಿ ಕಣ್ಲಾ. ಅವಕ್ಕೇನು ತಿಳಿತೈತೆ?"

"ನನ್ನೂ ಹೊತ್ಕಂಡು ತಿರುಗ್ದೆ. ನಾನೂ ಬ್ಯಾಡ ಅನ್ನಲಿಲ್ಲ."

ಆಕೆ ಬೆಂಕಿಪೊಟ್ಟಣವನ್ನು ಮತ್ತೆ ಸೆರಗಿಗೆ ಗಂಟು ಹಾಕಿ, ಮಗನ ಕುತ್ತಿಗೆಗೆ ಎರಡೂ ಕೈ ಬಳಸಿದಳು. ತಿಪ್ಪೇಶ ಭಾರ ಎತ್ತುವವನಂತೆ ಉಸಿರು ಬಿಗಿಹಿಡಿದು ಎದ್ದ. ಎದ್ದವನು ತಟ್ಟಾಡಿದ, ಭಾರಕ್ಕಲ್ಲ. ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು. "ಏನೂ ಇಲ್ಲ ಕಣಪ್ಪ" ಎಂದ ಮೆಲ್ಲಗೆ, "ಅವ್ವನ ಮೈಯಾಗೆ ಏನೂ ಉಳಿದೇ ಇಲ್ಲ."

ಅವಳನ್ನು ಸೀಟಿನ ಮೇಲೆ ಕೂರಿಸಿ ಗುಡ್ಡಕ್ಕೆ ಹೊರಟೆವು. ಆ ಹತ್ತುವಿಕೆಯನ್ನು ನಾನು ಸಾಯುವ ತನಕ ಮರೆಯಲಾರೆ. ಜೀಪು ಓಡಲಿಲ್ಲ, ಆ ಕಲ್ಲುಗಳ ಮೇಲೆ ಒಂದೊಂದೇ ಕಾಲಿಡುತ್ತ ನಡೆಯಿತು. ಒಂದು ಚಕ್ರ ಕಲ್ಲನ್ನು ತಡವಿ, ಹತ್ತಿ, ಇಳಿಯುವವರೆಗೆ ಇನ್ನೊಂದು ಕಾಯುತ್ತಿತ್ತು. ಒಮ್ಮೆ ಕಿಟಕಿಯಲ್ಲಿ ಬರೀ ಆಕಾಶ, ಒಮ್ಮೆ ಬರೀ ನೆಲ. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದು, ಗೊತ್ತಿಲ್ಲದವರನ್ನೂ ಕರೆಯುತ್ತಿದ್ದೆ. ಹೊಟ್ಟೆಯಡಿ ಒಂದು ಕಲ್ಲೂ ತಾಗಲಿಲ್ಲ. ದೂರದಲ್ಲಿ ಮಾರಿಕಣಿವೆಯ ನೀರು ಹೊಳೆಯಿತು. ಕರಿಯಮ್ಮ ಮಾತ್ರ ನೆಟ್ಟಗೆ ಕೂತು ಮುಂದೆ ನೋಡುತ್ತಿದ್ದಳು.

ಮೇಲೆ ತಲುಪಿ ತಿಪ್ಪೇಶ ಮತ್ತೆ ಬೆನ್ನು ಕೊಟ್ಟ. ಈ ಸಲ ಅವಳೇ ಕೈ ಚಾಚಿ ಕುತ್ತಿಗೆ ಬಳಸಿದಳು. ಹೊತ್ತು ಒಲೆಯ ಹತ್ತಿರ ಬಂದು, ಇಳಿಸಲೆಂದು ಬಗ್ಗಿದ.

"ತಡಿಯಲೇ, ಇಳುಸ್ಬ್ಯಾಡ" ಎಂದಳು. ಕತ್ತು ನೀಡಿ ರೊಪ್ಪದ ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ನೋಡಿದಳು. "ಹುಟ್ಟಿದಾರಭ್ಯ ಇವುಗಳ ನಡುವೆ ನಿಂತೇ ನೋಡೀನಿ. ಮಂದೆ ಪೂರಾ ಹಿಂಗೆ ಕಂಡಿದ್ದು ಇವತ್ತೇ. ಎಷ್ಟೊಂದು ಅದಾವಲ್ಲೋ!"

ಅವನು ಅವಳನ್ನು ಹೊತ್ತು ಮಂದೆಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಅವಳು ಇಳಿದು ಒಲೆಗೆ ಬೆಂಕಿ ಕೊಟ್ಟಳು, ಹಾಲು ಉಕ್ಕಿತು.

ಜೀಪನ್ನು ಮತ್ತೆ ಇಳಿಸಿಬಿಡುತ್ತೇನೆ ಎಂದು ತಿಪ್ಪೇಶ ಅಂದಾಗ ಅವ್ವನಿಂದ ಬೈಸಿಕೊಂಡ. "ಗಾಡಿ ಇಳಿಸಿದ್ರೆ ಮರಿ ಸಾಯ್ತಾವೆ. ನನ್ನ ಹೊತ್ರೆ ನಿನ್ನ ಬೆನ್ನೇನು ಮುರಿಯಲ್ಲ." ಈಗಲೂ ಹಾಗೆಯೇ ನಡೆದಿದೆ. ಹೊರಡುವ ಹೊತ್ತಾದರೆ ಅವಳೇ ಅಂಗಳದಿಂದ ಕೂಗುತ್ತಾಳೆ, "ಎಲ್ಲಿಗೋದ್ಯಲೇ, ಬಾರ್ಲಾ ಎತ್ಕ" ಎಂದು.

ಟೈರಿನ ಅಂಗಡಿಯಿಂದ ಜಾರಿಕೊಂಡ ಮೇಲೆ ನಿಜವಾಗಿಯೂ ಬಸ್ಸು ಬಂತು. ಮೆಟ್ಟಿಲು ಎತ್ತರವಾಗಿತ್ತು, ನನ್ನ ಮಂಡಿಯೂ ಈಗ ಮೊದಲಿನದಲ್ಲ. ಮೇಲಿದ್ದ ಹೆಣ್ಣುಮಗಳೊಬ್ಬಳು "ಕೈ ಕೊಡ್ರಿ ಅಜ್ಜಾರೆ" ಎಂದಳು. ಅಜ್ಜ ಅಂದವರನ್ನು ನಾನು ಸಾಮಾನ್ಯವಾಗಿ ದುರುಗುಟ್ಟಿ ನೋಡುತ್ತೇನೆ. ಅವತ್ತು ಎರಡೂ ಕೈ ಕೊಟ್ಟೆ.