ಎಣ್ಣೆಯಣ್ಣ ಎಣ್ಣೆ ಹಾಕದ ಬಾಗಿಲು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನಲವತ್ತು ದಾಟಿದ ಒಬ್ಬರು ಮಂಡಿಯೂರಿ ಕೂತು ಬಾಗಿಲಿನ ಕೀಲಿನ ಬಳಿ ಕಿವಿ ಇಟ್ಟಿದ್ದಾರೆ. ಬಾಗಿಲನ್ನು ಒಂದು ಗೇಣು ತೆರೆಯುತ್ತಾರೆ, ಮುಚ್ಚುತ್ತಾರೆ, ಮತ್ತೆ ತೆರೆಯುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನನಗೆ ಏನೂ ಕೇಳಿಸುವುದಿಲ್ಲ. ಅವರಿಗೆ ಕೇಳಿಸಿದೆ. ಜೇಬಿನಿಂದ ಉದ್ದ ಮೂತಿಯ ಪುಟ್ಟ ಎಣ್ಣೆ ಡಬ್ಬಿ ಹೊರಬರುತ್ತದೆ. ಎರಡೇ ತೊಟ್ಟು. ಹಳೆಯ ಬನಿಯನ್ನಿನ ಚೂರಿನಿಂದ ಒರೆಸಿ, ಕೈ ತೊಳೆದು ಬಂದು ಹೇಳುತ್ತಾರೆ: “ಈಗ ಬನ್ನಿ ಒಳಗೆ. ಚಪ್ಪಲಿ ಇಲ್ಲೇ ಬಿಡಿ. ಮೆಲ್ಲಗೆ ಮಾತಾಡಿ. ಮಾತೇ ಆಡ್ಬೇಡಿ ಅಂತ ಮಾತ್ರ ನಾನು ಹೇಳ್ತಿಲ್ಲ.”

ಬಾಗಿಲಿನಾಚೆ ಇರುವುದು ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡು. ಪಾರದರ್ಶಕ ಮುಚ್ಚಳದ ಇಪ್ಪತ್ತೆರಡು ಪೆಟ್ಟಿಗೆಗಳು, ಒಂದೊಂದರೊಳಗೂ ಬೆಚ್ಚಗೆ ಮಲಗಿದ ಒಂದು ಹಿಡಿ ಜೀವ. ಪೆಟ್ಟಿಗೆಯ ಪಕ್ಕದಲ್ಲಿ ಕೈ ತೂರಿಸಲು ಎರಡು ದುಂಡು ಕಿಂಡಿ.

ಆಸ್ಪತ್ರೆಯ ಕಾಗದಪತ್ರಗಳಲ್ಲಿ ಇವರು ರಿಪೇರಿ ವಿಭಾಗದ ಮೆಕ್ಯಾನಿಕ್. ಬಾಯಿಮಾತಿನಲ್ಲಿ ಎಣ್ಣೆಯಣ್ಣ. ಸಿಸ್ಟರೊಬ್ಬರು “ಎಣ್ಣೆಯಣ್ಣನ್ನ ಕರೀರಿ” ಅಂದದ್ದನ್ನು ಕೇಳಿ ಹೊಸದಾಗಿ ತಂದೆಯಾದವರೊಬ್ಬರು, ಇಂಥ ಜಾಗಕ್ಕೂ ಕುಡುಕರನ್ನು ಬಿಡ್ತೀರಾ ಎಂದು ಜಗಳಕ್ಕೇ ನಿಂತಿದ್ದರಂತೆ. “ಬೆಳಗ್ಗೆ ಆರಕ್ಕೇ ಎಣ್ಣೆ ಶುರು ಮಾಡೋ ಮನುಷ್ಯ ಅಂತ ನಮ್ಮ ಅತ್ತೆಯವರಿಗೂ ಯಾರೋ ಸುದ್ದಿ ಮುಟ್ಟಿಸಿದ್ರು. ಎರಡು ವಾರ ನನ್ನ ಹತ್ರ ಮುಖ ಕೊಟ್ಟು ಮಾತಾಡ್ಲಿಲ್ಲ,” ಎಂದು ದನಿ ಏರಿಸದೆ ನಗುತ್ತಾರೆ. ಹಾಗೆ ನಗುವುದನ್ನೂ ಅವರು ಇಲ್ಲೇ ಕಲಿತದ್ದು.

ಪೆಟ್ಟಿಗೆಗೆ ನಾಲ್ಕರಂತೆ ಎಂಬತ್ತೆಂಟು ಚಕ್ರ, ಹನ್ನೊಂದು ಬಾಗಿಲು, ಕಾಲಲ್ಲಿ ಒತ್ತಿ ತೆರೆಯುವ ಆರು ಕಸದ ಡಬ್ಬಿ. ಇವುಗಳಲ್ಲಿ ಯಾವುದೂ ಬಾಯಿ ಬಿಡಬಾರದು, ಅದು ಎಣ್ಣೆಯಣ್ಣ ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಡಬ್ಬಿಯ ಮುಚ್ಚಳಗಳ ಅಂಚಿಗೆ ರಬ್ಬರು ಅಂಟಿಸಿದ್ದಾರೆ. ಕುರ್ಚಿಯ ಕಾಲುಗಳಿಗೆ ದಪ್ಪ ಬಟ್ಟೆಯ ಚೀಲ ಹೊಲಿದು ತೊಡಿಸಿದ್ದಾರೆ. ಈ ಕೆಲಸಕ್ಕೆ ಸೇರುವ ಮುಂಚೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು; ಎಣ್ಣೆ ಡಬ್ಬಿ ಆ ಕಾಲದ್ದು. ಹಾಗಂತ ಎಲ್ಲೆಂದರಲ್ಲಿ ತೊಟ್ಟು ಬಿಡುವುದಿಲ್ಲ. “ಆಕ್ಸಿಜನ್ ಪೈಪಿನ ಹತ್ರ ಎಣ್ಣೆ ಸುಳಿಯೋ ಹಾಗೇ ಇಲ್ಲ, ಬೆಂಕಿ ಹತ್ತಬಹುದು. ಎಣ್ಣೆ ಏನಿದ್ರೂ ಹೊರಗಿನ ಬಾಗಿಲಿಗೆ, ರಿಪೇರಿ ಕೋಣೆಗೆ ಬಂದ ಖಾಲಿ ಪೆಟ್ಟಿಗೆ ಚಕ್ರಕ್ಕೆ. ಒಳಗಡೆ ಬರೀ ರಬ್ಬರು, ಬಟ್ಟೆ.”

ಗೋಡೆಯ ಮೇಲೆ ಸದ್ದು ಅಳೆಯುವ ದೀಪವೊಂದಿದೆ. ಹದವಾಗಿದ್ದರೆ ಹಸಿರು, ಏರಿದರೆ ಹಳದಿ, ಮಿತಿ ಮೀರಿದರೆ ಕೆಂಪು. ನನ್ನ ಪೆನ್ನು ಕೈಜಾರಿ ನೆಲಕ್ಕೆ ಬೀಳುತ್ತದೆ. ಹಳದಿ! ಎಣ್ಣೆಯಣ್ಣ ನನ್ನ ಕಡೆ ನೋಡುತ್ತಾರೆ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ನೋಡಿದ ಮೇಲೆ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

ಇಷ್ಟೊಂದು ಪಾಡು ಯಾಕೆಂದು ವಾರ್ಡಿನ ಡಾಕ್ಟರಮ್ಮನನ್ನು ಕೇಳುತ್ತೇನೆ. “ತಾಯಿ ಹೊಟ್ಟೇಲಿ ಕಡೆಯ ಮೂರು ತಿಂಗಳು ಮಗು ಕೇಳಿಸ್ಕೊಳ್ಳುತ್ತೆ. ಪದಗಳಲ್ಲ, ಅಮ್ಮನ ದನಿಯ ಏರಿಳಿತ. ಇವರೆಲ್ಲ ಆ ಪಾಠವನ್ನ ಅರ್ಧಕ್ಕೆ ಬಿಟ್ಟು ಬಂದವರು. ಬಂದ ಮೇಲೆ ಕಿವಿಗೆ ಬೀಳೋದು ಯಂತ್ರದ ಗಂಟೆ. ಹಾಗಂತ ಪೂರ್ತಿ ಮೌನ ಮಾಡಿದ್ರೂ ತಪ್ಪೇ. ಗದ್ದಲ ಹೋಗ್ಬೇಕು, ಮನುಷ್ಯರ ದನಿ ಬರ್ಬೇಕು,” ಎನ್ನುತ್ತಾರೆ. ಬೇಗ ಹುಟ್ಟಿದ ಮಕ್ಕಳಲ್ಲಿ ಕೆಲವರಿಗೆ ಮಾತು ತಡವಾಗಿ ಬರುತ್ತದೆ, ಎರಡು ಪದ ಕೂಡಿಸುವುದು ಇನ್ನೂ ತಡ. ಹಲವರು ಮುಂದೆ ಸರಿಗಟ್ಟುತ್ತಾರೆ. ಕೆಲವರಿಗೆ ನೆರವು ಬೇಕಾಗುತ್ತದೆ. ಯಾರು ಹೇಗೆ ಎಂದು ಪೆಟ್ಟಿಗೆಯಲ್ಲಿರುವಾಗಲೇ ಹೇಳಲು ಬರುವುದಿಲ್ಲ.

ಈ ಮಾತುಗಳೆಲ್ಲ ಎಣ್ಣೆಯಣ್ಣನಿಗೆ ಬಾಯಿಪಾಠ. ಎರಡು ವರ್ಷದ ಹಿಂದೆ ಇಲ್ಲಿನ ಏಳನೇ ನಂಬರಿನ ಪೆಟ್ಟಿಗೆಯಲ್ಲಿ ಮಲಗಿದ್ದದ್ದು ಅವರದೇ ಮಗಳು.

ಹನ್ನೊಂದು ವಾರ ಮುಂಚೆ ಹುಟ್ಟಿದಳು. ತೂಕ ಒಂದು ಕಿಲೋ ನೂರು ಗ್ರಾಮು. ಸಿಸ್ಟರುಗಳು ಇಟ್ಟ ಹೆಸರು ಅರ್ಜೆಂಟಮ್ಮ, ಮನೆಯಲ್ಲಿ ಈಗಲೂ ಅದೇ. ಅವಳು ಪೆಟ್ಟಿಗೆ ಸೇರಿದ ಆರನೇ ದಿನ ಎಣ್ಣೆಯಣ್ಣ ರಿಪೇರಿ ಕೋಣೆಯಲ್ಲಿ ಖಾಲಿ ಪೆಟ್ಟಿಗೆಯೊಂದರೊಳಗೆ ತಲೆ ತೂರಿಸಿ ಫ್ಯಾನು ಬಿಚ್ಚುತ್ತಿದ್ದರು. ಜೊತೆಯ ಕೆಲಸಗಾರ ಬಂದು ಮುಚ್ಚಳದ ಮೇಲೆ ಸ್ಪ್ಯಾನರ್ ಇಟ್ಟ. ಎಸೆದದ್ದಲ್ಲ, ಸುಮ್ಮನೆ ಇಟ್ಟದ್ದು.

“ತಲೆ ಒಳಗೇ ಸಿಡಿಲು ಬಡಿದ ಹಾಗಾಯ್ತು ನನಗೆ. ಹೊರಗೆ ‘ಟಕ್’ ಅಂದದ್ದು ಒಳಗೆ ಅಷ್ಟಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಎಂಟು ವರ್ಷದಿಂದ ವಾರ್ಡಲ್ಲಿ ಮಕ್ಕಳಿರೋ ಪೆಟ್ಟಿಗೆ ಮೇಲೆ ನಾನೇ ಸ್ಪ್ಯಾನರ್ ಇಟ್ಟಿದೀನಿ. ಟೀ ಲೋಟ ಇಟ್ಟಿದೀನಿ. ಆ ವಾರ ಏಳನೇ ನಂಬರಿನ ಮೇಲೂ ಇಟ್ಟಿದ್ದೆ.”

ಅವತ್ತು ಸಂಜೆಯೇ ಹಳೆಯ ಡಬ್ಬಿಗೆ ಎಣ್ಣೆ ತುಂಬಿತು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಶುರುವಿನಲ್ಲಿ ನಕ್ಕವರಿಗೆ ಲೆಕ್ಕವಿಲ್ಲ. “ಆಮೇಲೆ ಯಂತ್ರಗಳ ಗಂಟೆ ಸದ್ದು ತಗ್ಗಿಸೋಕೆ ಡಾಕ್ಟರಮ್ಮನೇ ಕಂಪನಿಯವರನ್ನ ಕರೆಸಿದ್ರು. ನಾನು ಮಾಡಿದ್ದು ಬರೀ ಬಾಗಿಲ ಕೆಲಸ,” ಎನ್ನುತ್ತಾರೆ.

ಅವರ ಮೇಲೆ ಋಣವಿರುವುದು ವಾರ್ಡಿನ ಹಿರಿಯ ಸಿಸ್ಟರೊಬ್ಬರದು. ಹೆತ್ತ ಸಂಕಟದಲ್ಲಿ ಎಣ್ಣೆಯಣ್ಣನ ಹೆಂಡತಿ ಪೆಟ್ಟಿಗೆಯ ಮುಂದೆ ಬಾಯಿ ಹೊಲಿದವರ ಹಾಗೆ ಕೂತಿರುತ್ತಿದ್ದರಂತೆ. ಹಿರಿಯ ಸಿಸ್ಟರು ಬಂದು ಕಿಂಡಿ ತೆರೆದು, “ಮಗಳನ್ನ ಮಾತಾಡಿಸಮ್ಮ” ಅಂದರು. ಅದಕ್ಕೇನು ಗೊತ್ತಾಗುತ್ತೆ ಅಂದಿದ್ದಕ್ಕೆ, “ಗೊತ್ತಾಗ್ಲಿ ಅಂತ ಅಲ್ಲ, ಮಾತಾಡಿಸು ಅಂದೆ. ನೀನು ಒಂದು ಮಾತು ಹೇಳು, ಆಮೇಲೆ ಸುಮ್ನಿರು. ಅದರ ಸರದಿ ಅದಕ್ಕೆ ಬಿಡು,” ಅಂದರಂತೆ. ಎಷ್ಟು ಸಲ ಬಳಸಿದ ಪದ ಇದು! ಯಾರನ್ನಾದರೂ ಕಂಡು ಎರಡು ಮಾತಾಡುವುದಕ್ಕೆ ನಾವು ‘ಮಾತಾಡಿಸುವುದು’ ಅನ್ನುತ್ತೇವೆ, ಎದುರಿನವರ ಬಾಯಿಂದ ಮಾತು ಹೊರಡಿಸುವುದು ಅಂತ. ಈ ವಾರ್ಡಿಗೆ ಬರುವ ತನಕ ಅದರ ಅರ್ಥ ನನ್ನ ತಲೆಗೆ ಹೋಗಿರಲಿಲ್ಲ.

ಈಗ ಆ ಪಾಠವನ್ನು ಎಣ್ಣೆಯಣ್ಣ ಅಪ್ಪಂದಿರಿಗೆ ಹೇಳಿಕೊಡುತ್ತಾರೆ. ಅಪ್ಪಂದಿರ ನಾಚಿಕೆಯನ್ನು ಅವರು ಬಲ್ಲರು. ನಾನಿದ್ದಾಗಲೇ ಬಸ್ ಡ್ರೈವರೊಬ್ಬರು ಕಿಂಡಿಯ ಮುಂದೆ ಕೈಕಟ್ಟಿ ನಿಂತಿದ್ದಾರೆ.

“ಏನಂತ ಮಾತಾಡಿಸ್ಲಿ ಅಣ್ಣ? ನಂಗೆ ಹಾಡು ಗೀಡು ಬರಲ್ಲ.”

“ಹಾಡು ಯಾರು ಕೇಳಿದ್ರು? ಇವತ್ತು ಬಸ್ಸು ಎಲ್ಲಿ ತಡ ಆಯ್ತು, ಅದನ್ನೇ ಹೇಳಿ.”

ಡ್ರೈವರು ಆಚೀಚೆ ನೋಡಿ, ಬಗ್ಗಿ, ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಕಥೆಯನ್ನು ಮೆಲುದನಿಯಲ್ಲಿ ಶುರು ಮಾಡುತ್ತಾರೆ. ಒಳಗಿನ ಕೂಸು ಬೆರಳು ಬಿಡಿಸುತ್ತದೆ. ದೀಪ ಹಸಿರಾಗಿಯೇ ಇದೆ. ಎಣ್ಣೆಯಣ್ಣ ಅಲ್ಲಿಂದ ಸರಿದು ಹೋಗುತ್ತಾರೆ.

ಅವರ ಮನೆ ಆಸ್ಪತ್ರೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಎರಡು ಕೋಣೆ, ಒಂದು ಕಿಟಕಿ, ಗೋಡೆಗೆ ಕ್ಯಾಲೆಂಡರು. ಬಾಗಿಲು ತಳ್ಳಿದೊಡನೆ ‘ಕಿರ್ರ್’ ಎಂದು ಅದು ಅರಚಿದ ರೀತಿಗೆ ನಾನು ಬೆಚ್ಚಿಬೀಳುತ್ತೇನೆ. ಎಂಬತ್ತೆಂಟು ಚಕ್ರಗಳ ಬಾಯಿ ಮುಚ್ಚಿಸಿದವರ ಸ್ವಂತ ಮನೆಯ ಬಾಗಿಲು! ನನ್ನ ಮುಖ ನೋಡಿ ಎಣ್ಣೆಯಣ್ಣನ ಹೆಂಡತಿ ನಗುತ್ತಾರೆ: “ಎಲ್ರೂ ಕೇಳ್ತಾರೆ. ನಮ್ಮಮ್ಮ ಬಂದಾಗಲೆಲ್ಲ ಬೈತಾರೆ.”

ಐವತ್ತೆಂಟು ದಿನ ಆಸ್ಪತ್ರೆಯಲ್ಲಿದ್ದು ಅರ್ಜೆಂಟಮ್ಮ ಮನೆಗೆ ಹೊರಟಾಗ ಕಿವಿ ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ. ಮತ್ತೊಮ್ಮೆ ನೋಡಬೇಕು, ಆರು ವಾರ ಬಿಟ್ಟು ಬನ್ನಿ ಅಂದರು. ಸ್ಪ್ಯಾನರಿನ ಸದ್ದು ತಂದೆಯ ತಲೆಯಿಂದ ಹೋಗಲೊಲ್ಲದು. ನಾಲ್ಕನೇ ವಾರದ ಒಂದು ಸಂಜೆ ಅವರು ಕೆಲಸ ಮುಗಿಸಿ ಬಂದು ಬಾಗಿಲು ತಳ್ಳಿದರು. ಹಾಲು ಕುಡಿಯುತ್ತಿದ್ದ ಮಗು ಕುಡಿಯುವುದನ್ನು ನಿಲ್ಲಿಸಿ ಕಣ್ಣರಳಿಸಿತು. “ನನ್ನ ಹೆಂಡ್ತಿ ‘ಇನ್ನೊಂದ್ಸಲ’ ಅಂದ್ಲು. ಹೊರಗೆ ಹೋಗಿ ಮತ್ತೆ ಬಂದೆ. ಮತ್ತೆ ನಿಲ್ಲಿಸಿತು. ಮೂರು ಸಲ ಹಾಗೇ ಮಾಡ್ದೆ. ಆಮೇಲೆ ಹೊಸಿಲ ಮೇಲೆ ಕೂತು ಅತ್ತುಬಿಟ್ಟೆ.” ಎರಡನೇ ಪರೀಕ್ಷೆಯಲ್ಲಿ ಎರಡೂ ಕಿವಿ ಸರಿಯಿದೆ ಎಂದಾಯಿತು. ಬಾಗಿಲಿಗೆ ಅವರು ಎಣ್ಣೆ ಮುಟ್ಟಿಸದಿರುವುದು ಆ ಸಂಜೆಯಿಂದ.

ಕಿವಿ ಬಂತು, ಮಾತು ಬರಲಿಲ್ಲ. ಪಕ್ಕದ ಮನೆಯ ಮಗು ವಾಕ್ಯ ಹೆಣೆಯುವ ವಯಸ್ಸಿನಲ್ಲಿ ಇವಳು ಬೆರಳು ತೋರಿಸಿ ‘ಊಂ’ ಅನ್ನುತ್ತಿದ್ದಳು. ಹುಟ್ಟಿದ ದಿನದಿಂದ ಎಣಿಸಬೇಡಿ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ ಎಂದು ಡಾಕ್ಟರಮ್ಮ ಹೇಳಿದ್ದರು. ಹನ್ನೊಂದು ವಾರ ಕಳೆದು ಎಣಿಸಿದರೂ ತಡವೇ. ಒಂದೂವರೆ ವರ್ಷ ದಾಟಿದ ಮೇಲೆ ಹೊರಟ ಮೊದಲ ಪದ ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ‘ಕಿರ್ರ.’ ಬಾಗಿಲು ಕಿರ್ರ್ ಅಂದರೆ ಅಪ್ಪ ಬರುತ್ತಾರೆ, ಹಾಗಾಗಿ ಅಪ್ಪನ ಹೆಸರೇ ಕಿರ್ರ. “ಒಂಬತ್ತು ತಿಂಗಳು ಹೊರೋಕೆ ಬಿಡ್ಲಿಲ್ಲ, ಮೊದಲ ಮಾತೂ ನಂದಲ್ಲ,” ಎಂದು ತಾಯಿ ಹುಸಿಮುನಿಸು ತೋರಿಸುತ್ತಾರೆ.

ನಾನು ಅವರ ಮನೆಗೆ ಹೋದ ವಾರವೇ ಅವಳಿಗೆ, ಕಳೆದು ಎಣಿಸಿದ ಲೆಕ್ಕದಲ್ಲಿ, ಎರಡು ವರ್ಷ ತುಂಬಿದೆ. ಗುರುವಾರ ಮಾತಿನ ಪರೀಕ್ಷೆ. ನಾನೂ ಜೊತೆಗೆ ಹೋಗುತ್ತೇನೆ. ತಾಯಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಗಳ ಪದಗಳನ್ನು ಬರೆದು ತಂದಿದ್ದಾರೆ, ಹತ್ತೊಂಬತ್ತು. ಮಾತಿನ ಪರೀಕ್ಷೆ ಮಾಡುವ ಮೇಡಂ ಚೆಂಡು ತೋರಿಸುತ್ತಾರೆ, ಬಟ್ಟಲು ತೋರಿಸುತ್ತಾರೆ, ಗೊಂಬೆ ಬಚ್ಚಿಡುತ್ತಾರೆ. ಅರ್ಜೆಂಟಮ್ಮ ಬಾಯಿಗೆ ಬೀಗ ಹಾಕಿ ಅಮ್ಮನ ಸೆರಗಿನ ಹಿಂದೆ ಸೇರುತ್ತಾಳೆ.

“ಎರಡು ಪದ ಕೂಡಿಸಿ ಹೇಳ್ತಾಳಾ?”

“ಇಲ್ಲ ಮೇಡಂ,” ಎನ್ನುತ್ತಾರೆ ಎಣ್ಣೆಯಣ್ಣ. ಕೈ ಜೇಬಿನ ಡಬ್ಬಿಯನ್ನು ಹಿಡಿದುಕೊಂಡಿದೆ. “ಮೇಡಂ, ನನ್ನ ಸ್ಪ್ಯಾನರಿಂದ ಹೀಗಾಯ್ತಾ?”

ಮೇಡಂ ಕಾಗದ ಬದಿಗಿಡುತ್ತಾರೆ. “ಹಾಗಂತ ಯಾರೂ ಹೇಳೋಕಾಗಲ್ಲ. ಬೇಗ ಹುಟ್ಟಿದ್ದೇ ಸಾಕು ತಡ ಆಗೋಕೆ. ನೀವಿಬ್ರೂ ಮಾತಾಡಿಸ್ತಾ ಇದೀರಲ್ಲ, ಹತ್ತೊಂಬತ್ತು ಪದ ಬಂದಿರೋದು ಅದರಿಂದ. ಪರೀಕ್ಷೆ ಮಾಡೋ ಹಾಗೆ ಕೇಳ್ಬೇಡಿ, ಕಾಯಿರಿ. ಪ್ರತಿ ವಾರ ಕರ್ಕೊಂಡು ಬನ್ನಿ, ನಾನೂ ಹೇಳಿಕೊಡ್ತೀನಿ.” ಎಣ್ಣೆಯಣ್ಣ ಎರಡೂ ಕೈ ಮುಗಿಯುತ್ತಾರೆ, ನಮ್ಮನ್ನು ಮನೆಗೆ ಕಳಿಸಿ ಪಾಳಿಗೆ ಹೋಗುತ್ತಾರೆ.

ಸಂಜೆ ಐದೂವರೆಗೆ ನಾನೂ ತಾಯಿಯೂ ಟೀ ಕುಡಿಯುತ್ತಿದ್ದೇವೆ. ಅರ್ಜೆಂಟಮ್ಮ ನೆಲದ ಮೇಲೆ ಬಟ್ಟಲಿನೊಳಗೆ ಬಟ್ಟಲು ಸೇರಿಸುತ್ತಿದ್ದಾಳೆ. ಬಾಗಿಲು ಕಿರ್ರ್ ಅನ್ನುತ್ತದೆ. ಅವಳು ತಲೆ ಎತ್ತುವುದಿಲ್ಲ, ಬಟ್ಟಲೂ ಬಿಡುವುದಿಲ್ಲ. ದಿನಾ ಹೇಳುವ ಮಾತಿನಂತೆ ಹೇಳುತ್ತಾಳೆ:

“ಕಿರ್ರ ಬಂತು.”

ತಾಯಿಯ ಲೋಟ ಅರ್ಧದಲ್ಲೇ ನಿಲ್ಲುತ್ತದೆ. ಎಣ್ಣೆಯಣ್ಣ ಹೊಸಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದಾರೆ. ಮಗಳನ್ನು ಏನೂ ಕೇಳುವುದಿಲ್ಲ. ಮೆಲ್ಲಗೆ ಹಿಂದೆ ಸರಿದು ಬಾಗಿಲು ಎಳೆದುಕೊಳ್ಳುತ್ತಾರೆ, ಹೊರಗೆ ನಿಂತು ಕಾಯುತ್ತಾರೆ, ಮತ್ತೆ ತಳ್ಳುತ್ತಾರೆ. ಈ ಸಲ ಮಗಳು ತಲೆ ಎತ್ತಿ, ಇಷ್ಟೂ ಗೊತ್ತಾಗದ ಅಪ್ಪನಿಗೆ ತಿಳಿಹೇಳುವ ದನಿಯಲ್ಲಿ, “ಕಿರ್ರ ಬಂತು!” ಎನ್ನುತ್ತಾಳೆ. ನನ್ನ ಕಣ್ಣೂ ಒದ್ದೆಯಾಗಿತ್ತೆಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ತಾಯಿ ಕ್ಯಾಲೆಂಡರು ಇಳಿಸಿ ಪೆನ್ನಿಗಾಗಿ ತಡಕಾಡುತ್ತಾರೆ, ನನ್ನದನ್ನೇ ಕೊಡುತ್ತೇನೆ. ಹೊರಡುವಾಗ ಎಣ್ಣೆಯಣ್ಣ ಮಗಳನ್ನು ಎತ್ತಿಕೊಂಡು ಬಾಗಿಲ ತನಕ ಬರುತ್ತಾರೆ. ಇನ್ನೇನು ಆಸೆ ಇದೆ ನಿಮಗೆ ಎಂದು ಕೇಳುತ್ತೇನೆ. ಬಾಗಿಲಿನ ಮೇಲೆ ಅಂಗೈ ಇಟ್ಟು ಅವರು ಹೇಳುತ್ತಾರೆ:

“ಅಲ್ಲಿ ಹನ್ನೊಂದು ಬಾಗಿಲ ಬಾಯಿ ಮುಚ್ಚಿಸಿದೀನಿ. ಇದೊಂದು ಮಾತಾಡ್ಕೊಂಡಿರ್ಲಿ ಬಿಡಿ.”