ಐಸಿಗೊಂದು ಕಂಬಳಿ

ಕಂಬಳಿ ಬಿಸಿ ಕೊಡುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುವ ನಾನು, ಮಾರ್ಗಶಿರದ ಬೆಳಗ್ಗೆ ಅದರೊಳಗಿಂದ ಮೂಗು ಹೊರಹಾಕುವ ಹೊತ್ತಿಗೆ ಆ ಪಾಠವನ್ನು ಒಂದಿಷ್ಟೂ ನಂಬುವುದಿಲ್ಲ. ಜೀರಹಳ್ಳಿಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ವಿಜ್ಞಾನವೇನಿದ್ದರೂ ಶಾಲೆಯ ಗಂಟೆ ಹೊಡೆದ ಮೇಲೆ. ಮನೆಯಲ್ಲಿ ‘ಬಾಗಿಲು ಹಾಕೇ, ಚಳಿ ಒಳಗೆ ಬರ್ತದೆ’ ಎಂದು ಕಿರುಚುವವನೂ ನಾನೇ. ಪುಸ್ತಕದ ಪ್ರಕಾರ ಚಳಿ ಎಲ್ಲಿಗೂ ಬರುವುದಿಲ್ಲ, ಹೋಗುವುದು ಬಿಸಿ. ಇದನ್ನು ಬೆಳ್ಳಂಬೆಳಗ್ಗೆ ದಿಂಬಂ ಘಾಟಿಯ ಟೀ ಅಂಗಡಿಯಲ್ಲಿ ಹೇಳಿ ನೋಡಿ, ಲಾರಿಯವರು ನಿಮ್ಮನ್ನು ಬೆಂಕಿಯ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ.

ಐಸಿನ ಸಂಗತಿ ಇನ್ನೂ ಸೊಗಸು. ಕರಗುತ್ತಿರುವ ಐಸಿಗೆ ಎಷ್ಟೇ ಬಿಸಿ ಕೊಡಿ, ಕೊನೆಯ ಚೂರು ನೀರಾಗುವ ತನಕ ಉಷ್ಣಮಾಪಕ ಜಪ್ಪಯ್ಯ ಎಂದರೂ ಮೇಲೇಳದು. ಒಳಹೋದ ಬಿಸಿಯೆಲ್ಲ ಕರಗುವ ಕೆಲಸಕ್ಕೇ ಖರ್ಚು. ಅದಕ್ಕೆ ಗುಪ್ತೋಷ್ಣ ಎಂದು ಹೆಸರಿಟ್ಟ ಪುಣ್ಯಾತ್ಮನ ಮೇಲೆ ನನಗೆ ಬಹಳ ಗೌರವ. ಆದರೆ ಆ ಕೊನೆಯ ಚೂರಿಗಾಗಿ ಜೀವ ಕೈಯಲ್ಲಿ ಹಿಡಿದದ್ದು ಹೋದ ಚಳಿಗಾಲದಲ್ಲಿ, ನರ್ಸ್ ಸೆಲ್ವಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಕಾಡೊಳಗಿನ ಸೋಲಿಗರ ಹಟ್ಟಿಗೆ, ಅವರ ಮಾತಿನಲ್ಲಿ ಪೋಡಿಗೆ, ಹೋದ ದಿನ.

ಆಕೆಯ ತೊಡೆಯ ಮೇಲೆ ಲಸಿಕೆಯ ಡಬ್ಬಿ, ಅದರೊಳಗೆ ಐಸು. ಹಿಂದಿನ ಸಲ ಜೀಪು ಕೆಟ್ಟು, ಐಸು ಕರಗಿ, ಲಸಿಕೆ ಹಾಕದೆಯೇ ಹಿಂತಿರುಗಿದ್ದರು. ಆ ಪೋಡಿನ ಕೇತಮ್ಮಜ್ಜಿಯ ಮರಿಮಗಳಿಗೆ ದಡಾರದ ಚುಚ್ಚುಮದ್ದು ಆಗಲೇ ತಡವಾಗಿತ್ತು. ಪಕ್ಕದ ಪೋಡಿನಲ್ಲಿ ದಡಾರ ಎದ್ದಿದೆಯೆಂಬ ಸುದ್ದಿ ಬೇರೆ. ಸಾಲದ್ದಕ್ಕೆ, ಹಳ್ಳ ದಾಟುವಾಗ ಬೈಕು ಎಗರಿ ಡಬ್ಬಿಯ ಕೊಂಡಿ ಮುರಿದು ಮುಚ್ಚಳ ಸಡಿಲಾಯಿತು. ಹೋಗಿ ನೋಡಿದರೆ ತಾಯಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಪೊರಕೆಹುಲ್ಲು ಕೊಯ್ಯಲು ಹೊರಟುಹೋಗಿದ್ದಳು. ಡಬ್ಬಿಯನ್ನು ಜಗುಲಿಯ ನೆರಳಲ್ಲಿಟ್ಟು, ನೋಡಿಕೊಳ್ಳಲು ಅಜ್ಜಿಗೆ ಹೇಳಿ, ನಾವು ಹುಡುಕಲು ಹೋದೆವು.

ತಾಯಿ-ಮಗು ಇಬ್ಬರನ್ನೂ ನಾವು ಕರೆತರುವಷ್ಟರಲ್ಲಿ ಬಿಸಿಲು ಜಗುಲಿ ಹತ್ತಿತ್ತು. ಡಬ್ಬಿ ಇದ್ದ ಜಾಗದಲ್ಲಿ ಅಜ್ಜಿಯ ಕರಿಕಂಬಳಿ ಮುದುಡಿ ಕೂತಿತ್ತು. ಡಬ್ಬಿ ಅದರೊಳಗೆ!

“ಅಯ್ಯೋ ಪಾಟಿ, ಐಸ್ ಪೂರಾ ನೀರಾಗಿರ್ತದೆ!” ಎಂದು ಸೆಲ್ವಿ ಚೀರಿದರು. ಅಜ್ಜಿಯನ್ನು ಆಕೆ ಕರೆಯುವುದು ತಮಿಳಿನ ‘ಪಾಟಿ’ ಎಂದೇ.

“ಯಾಕವ್ವ ಕೂಗಾಡೀಯೆ? ಮುಚ್ಚಳದ ಸಂದೀಲಿ ಮುಟ್ಟುದ್ರೆ ಕೈ ಮರಗಟ್ಟತಿತ್ತು ಕಣವ್ವ. ಮೊಗೀನ ಮೈಯೊಳಕ್ಕೋಗೋ ಮದ್ದು, ಅಂಗೇ ಸೀತದಲ್ಲಿ ಬುಟ್ಬುಡಕ್ಕಾದದಾ? ಒದುಸ್ದಿ.”

ಚಳಿಯಲ್ಲಿ ಬಂದವರಿಗೆ ಮಾತಿಗೂ ಮೊದಲು ಕಂಬಳಿ ಹೊದಿಸುವುದು ಆ ಮನೆಯ ಪದ್ಧತಿ. ಡಬ್ಬಿಯೂ ನೆಂಟರೇ ತಾನೆ! ವಿಜ್ಞಾನದ ಮೇಷ್ಟ್ರಾದ ನಾನು ಆಗ ‘ಹೆದರಬೇಡಿ, ಕಂಬಳಿ ಬಿಸಿ ಕೊಡುವುದಿಲ್ಲ’ ಎನ್ನಬೇಕಿತ್ತು. ‘ಅಯ್ಯೋ, ಕೆಟ್ಟೆವಲ್ಲಪ್ಪಾ’ ಎಂದೆ. ಸೆಲ್ವಿ ಕಂಬಳಿ ಸರಿಸಿ ಮುಚ್ಚಳ ತೆಗೆದರು. ಐಸು ಅಂಚಿನಲ್ಲಷ್ಟೇ ಬೆವರಿತ್ತು, ಒಳಗೆ ಕಲ್ಲಿನಂತೆ ಗಟ್ಟಿ. ಲಸಿಕೆಯ ಸೀಸೆಯ ಮೇಲೆ ಬಿಸಿ ತಾಗಿದರೆ ಕಪ್ಪಾಗುವ ಗುರುತೊಂದಿರುತ್ತದೆ, ಅದೂ ಕಪ್ಪಾಗಿರಲಿಲ್ಲ. ಸೂಜಿ ಚುಚ್ಚಿದ ಕೂಡಲೇ ಕೂಸು ಪೋಡೆಲ್ಲ ಕೇಳುವಂತೆ ಅತ್ತಿತು. ಅಳು ಕೇಳಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಧೈರ್ಯ ಬಂದ ಮೇಲೆ ವಿಜ್ಞಾನವೂ ಬಂತು. “ಅಜ್ಜಿ, ಹೊರಗಿನ ಬಿಸಿ ಒಳಕ್ಕೆ ಹೋಗದ ಹಾಗೆ ನಿನ್ನ ಕಂಬಳಿ ತಡೀತು” ಎಂದೆ.

“ಇದ್ಯಾವ ನ್ಯಾಯ ಸಾ? ಇರುಳೆಲ್ಲಾ ನಂಗೆ ಬಿಸಿ ಕೊಡೋ ಕಂಬ್ಳಿ ಇದು.”

“ಅದು ಕೊಡೋದಲ್ಲ ಅಜ್ಜಿ. ಬಿಸಿ ನಿನ್ನ ಮೈದೇ. ಆಚೆ ಹೋಗದ ಹಾಗೆ ನೋಡ್ಕೊಳ್ತದೆ, ಅಷ್ಟೆ.”

ಅಜ್ಜಿ ಸುಕ್ಕುಗಟ್ಟಿದ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಬಿಕ್ಕುತ್ತಿದ್ದ ಮರಿಮಗಳನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಇಬ್ಬರಿಗೂ ಸೇರಿಸಿ ಕಂಬಳಿ ಎಳೆದರು.

“ಕೇಳ್ದಾ ಕೂಸೆ? ಈ ಮುದ್ಕಿ ತಾವು ಇನ್ನೂ ಅಷ್ಟು ಬಿಸಿ ಅದಂತೆ. ಬಾ, ಇಬ್ರೂ ಅಂಚ್ಕಳವ.”