ಐರಿನ್ ಆಂಟಿಯ ಹನ್ನೆರಡು ಸೀಡಿ

ಐರಿನ್ ಆಂಟಿ ಯಾರೊಂದಿಗೆ ಮಾತಾಡಿದರೂ ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ಕುವೈತ್‌ನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಮಂಗಳೂರಿನ ಜೆಪ್ಪುವಿನಲ್ಲಿ ನಮ್ಮ ಪಕ್ಕದ ಮನೆ. ಮೀನಿನವಳು ಕೂಡ ಬುಟ್ಟಿ ಇಳಿಸಿದ ಕೂಡಲೇ ಬಲಗೈ ಚಾಚುತ್ತಿದ್ದಳು.

ಊರಿಗೆ ಬಂದ ಮೇಲೆ ಅವರ ಕಣ್ಣು ಮಂಜಾಗಿ ಓದು ನಿಂತಿತು. ಆಮೇಲೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ, ನಾಲ್ಕು ಗಂಟೆ ಡಯಾಲಿಸಿಸ್. ಆಗ ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಓದಿ ರೆಕಾರ್ಡ್ ಮಾಡಿದ ಹನ್ನೆರಡು ಸೀಡಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು.

"ಆಸ್ಪತ್ರೆಗೆ ಸೀಡಿ ಪ್ಲೇಯರ್ ಹೊತ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ. ನಿನ್ನ ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ನನ್ನ ಫೋನಿಗೆ ಹಾಕಿ ಕೊಡು."

ಒಂದೊಂದು ಸೀಡಿಯನ್ನೂ ಹತ್ತಿಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಎರಡು ಸಂಜೆ ಹಿಡಿಯಿತು. ವಾರ ಬಿಟ್ಟು ಬಂದು ಶಾಂತವಾಗಿ ಹೇಳಿದರು: "ಕಥೆಯಲ್ಲಿ ಸತ್ತ ಧಣಿ ಪುನಃ ಬಂದು ಚಹಾ ಕುಡೀತಾನೆ. ಪುನರುತ್ಥಾನವನ್ನು ನಾನು ನಂಬ್ತೇನೆ. ಆದ್ರೆ ಒಬ್ಬನಿಗೇ ಮೂರು ಸಲ ಅಂದ್ರೆ ಹೇಗೆ?"

ತಪ್ಪು ನನ್ನದು. ಪ್ರತಿ ಸೀಡಿಯಲ್ಲೂ 'ಟ್ರ್ಯಾಕ್ ಒಂದು', 'ಟ್ರ್ಯಾಕ್ ಎರಡು' ಎಂದೇ ಹೆಸರು. ಫೋನು ಹನ್ನೆರಡು ಸೀಡಿಗಳ ಒಂದನೆಯದನ್ನೆಲ್ಲ ಮೊದಲು ಕೇಳಿಸಿ, ಆಮೇಲೆ ಎರಡನೆಯದಕ್ಕೆ ಬರುತ್ತಿತ್ತು. ಎಲ್ಲದಕ್ಕೂ ಹೊಸ ಹೆಸರು ಕೊಟ್ಟು ಸರಿಮಾಡಿದೆ.

ಒಂದು ಮಂಗಳವಾರ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಪಕ್ಕದ ಬೆಡ್ಡಿನಲ್ಲಿ ನಾರಾಯಣ ಭಟ್ಟರು, ದೇವಸ್ಥಾನವೊಂದರ ಅರ್ಚಕರಾಗಿದ್ದವರು. ಸೂಜಿ ಚುಚ್ಚಿಸಿಕೊಂಡು ಬೇಸತ್ತಿದ್ದ ಅವರು, ಇನ್ನು ಬರುವುದಿಲ್ಲ ಎಂದು ಮಗನಿಗೆ ಹೇಳಿಯಾಗಿತ್ತು. ಆಂಟಿ ಒಂದು ಕಿವಿಯಲ್ಲಿ ಇಂಗ್ಲಿಷ್ ಕೇಳುತ್ತ ಅವರಿಗೆ ತುಳುವಿನಲ್ಲಿ ಕಥೆ ಹೇಳತೊಡಗಿದರು. ಧಣಿಯ ಕೋಣೆಯ ಬಾಗಿಲು ಒಡೆಯುವಲ್ಲಿಗೆ ನಿಲ್ಲಿಸಿದರು.

"ಉಳಿದದ್ದು ಗುರುವಾರ."

"ಗುರುವಾರ ನಾನಿಲ್ಲ ಅಂತ ಹೇಳಿದೆನಲ್ಲ?"

"ಹಾಗಾದ್ರೆ ಬಾಗಿಲು ಮುಚ್ಚಿಯೇ ಇರ್ಲಿ."

ಗುರುವಾರ ಭಟ್ಟರು ಅರ್ಧ ಗಂಟೆ ಮೊದಲೇ ಬಂದಿದ್ದರಂತೆ. ಆ ಸೀಡಿಗಳ ಕಥೆಯನ್ನು ಆಂಟಿ ಎಂಟು ತಿಂಗಳು ಎಳೆದರು.

ಹನ್ನೊಂದನೆಯದು ಮುಗಿದ ವಾರ ಒಂದು ಬೆಳಿಗ್ಗೆ ಆಂಟಿಯ ಹೃದಯ ನಿಂತಿತು. ಅವರನ್ನು ಮಣ್ಣು ಮಾಡುವ ದಿನ ಇಗರ್ಜಿಯ ಗೇಟಿನ ಬಳಿ ಭಟ್ಟರು ಮಗನ ತೋಳು ಹಿಡಿದು ನಿಂತಿದ್ದರು. ನನ್ನನ್ನು ನೋಡಿ, "ಕಥೆ ಇನ್ನು ಸ್ವಲ್ಪ ಉಂಟು. ನಿಮ್ಮ ಕಂಪ್ಯೂಟರಿನಲ್ಲಿ ಉಂಟಲ್ಲ?" ಎಂದರು.

ನಾಲ್ಕು ದಿನ ಕೂತು ಇಡೀ ಕಾದಂಬರಿ ಕೇಳಿ, ಗುರುವಾರ ಅವರ ಬೆಡ್ಡಿನ ಪಕ್ಕ ಕೂತೆ. ಕೊನೆಯ ಭಾಗ ಹೇಳಿದೆ. ಕೊಲೆಗಾರ ಸಿಕ್ಕಿಬಿದ್ದ. ಭಟ್ಟರ ಮುಖದಲ್ಲಿ ಬದಲಾವಣೆ ಕಾಣಲಿಲ್ಲ.

"ಆ ಮಂಗಳೂರಿನ ನರ್ಸ್ ಎಲ್ಲಿ?" ಎಂದು ಕೇಳಿದರು. "ಇನ್ಸ್‌ಪೆಕ್ಟರಿಗೆ ಬುದ್ಧಿ ಹೇಳ್ತಿದ್ದದ್ದು ಅವರೇ ಅಲ್ವಾ?"

ಕಾದಂಬರಿಯಲ್ಲಿ ನರ್ಸ್ ಯಾರೂ ಇರಲಿಲ್ಲ. ಹಾಗೆಂದೇ ಹೇಳಿದೆ.

"ಅಡ್ಡಿಯಿಲ್ಲ," ಎಂದರು ಭಟ್ಟರು. "ಶನಿವಾರ ಮೊದಲಿಂದ ಹೇಳಿ. ಅವರನ್ನು ಸೇರಿಸಿ ಹೇಳಿ."